ಆರು ಮಾಳಿಗಿ ಎದ್ದು ನಿಂತದ್ದು

ಕಟ್ಟಡ ಒಮ್ಮೆ ಎದ್ದು ನಿಂತರೆ ಆಮೇಲೆ ಸುಮ್ಮನಿರುತ್ತದೆ ಅಂತ ಓದುವಾಗ ನಾನು ತಿಳಿದಿದ್ದೆ. ಸುಮ್ಮನಿರುವುದು ಕಟ್ಟಡ ಮಾತ್ರ. ಅದರ ಸುತ್ತ ದಿನಕ್ಕೊಂದು ಏನಾದರೂ ನಡೆಯುತ್ತಲೇ ಇರುತ್ತದೆ, ನಡೆದಾಗೆಲ್ಲ ಜನ ನನ್ನನ್ನೇ ಕರೆಯುತ್ತಾರೆ.

ನಾನು ಹೇಳುತ್ತಿರುವುದು ಹಗರಿಬೊಮ್ಮನಹಳ್ಳಿಯ ದೊಡ್ಡ ರಸ್ತೆಯ ಪಕ್ಕದ ನೀಲಿ ಗಾಜಿನ ಕಟ್ಟಡದ ವಿಷಯ. ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ ಅದಕ್ಕೊಂದು ಉದ್ದನೆಯ ಹೆಸರಿದೆ. ಆ ಹೆಸರು ಹೇಳಿದರೆ ಆಟೋದವರು ‘ಗೊತ್ತಿಲ್ರಿ’ ಅನ್ನುತ್ತಾರೆ. ‘ಆರು ಮಾಳಿಗಿ’ ಅಂದರೆ ‘ಹತ್ರಿ’ ಅನ್ನುತ್ತಾರೆ. ಬೆಂಗಳೂರಿನವರಿಗೆ ಆರು ಅಂತಸ್ತು ಅಂದರೆ ನಗು ಬರಬಹುದು. ಆದರೆ ಅದು ಎದ್ದಾಗ ಕೂಡ್ಲಿಗಿಯಿಂದ ಹಡಗಲಿತನಕ ಅಷ್ಟೆತ್ತರದ ಆಫೀಸು ಕಟ್ಟಡ ಇನ್ನೊಂದಿರಲಿಲ್ಲ. ನಮ್ಮ ಪಾಲಿಗೆ ಅದೇ ಗಗನಚುಂಬಿ.

ಅದರ ನಕ್ಷೆಯ ಮೊದಲ ಗೆರೆ ಎಳೆದವಳು ನಾನು. ನಮ್ಮೂರು ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿ ಹತ್ತಿರ. ಅಪ್ಪ ಕಲ್ಲು ಕಡಿಯುತ್ತಿದ್ದ. ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ದಾವಣಗೆರೆಯ ಒಬ್ಬ ಆರ್ಕಿಟೆಕ್ಟ್ ಹತ್ತಿರ ಕೆಲಸಕ್ಕೆ ಸೇರಿದ ವರ್ಷವೇ ಈ ಕಟ್ಟಡ ಬಂತು. ಮುಗಿದ ಮೇಲೆ ಮಾಲೀಕರು ‘ನೀನ ನೋಡ್ಕೊ’ ಅಂತ ನನ್ನನ್ನು ಅಲ್ಲೇ ಉಳಿಸಿಕೊಂಡರು. ಹಾಗಾಗಿ ಅದರ ಚರಿತ್ರೆ ನನಗೆ ಬುನಾದಿಯಿಂದ ಗೊತ್ತು.

೧. ಕಟ್ಟಿ ಬೇಕು

ಮಾಲೀಕರನ್ನು ಊರವರೆಲ್ಲ ಸಾಹುಕಾರ್ರು ಅಂತಾರೆ. ಶೇಂಗಾ, ಮೆಕ್ಕೆಜೋಳದ ವ್ಯಾಪಾರ. ಬಿಳಿ ಧೋತರ, ಹಣೆ ತುಂಬ ವಿಭೂತಿ. ಮೊದಲ ದಿನ ದಾವಣಗೆರೆಗೆ ಬಂದವರು ಒಂದು ಕ್ಯಾಲೆಂಡರಿನ ಹಾಳೆಯನ್ನು ಆರ್ಕಿಟೆಕ್ಟ್ ಸಾಹೇಬರ ಮೇಜಿನ ಮೇಲೆ ಬಿಡಿಸಿಟ್ಟರು. ಯಾವುದೋ ದೇಶದ ಗಾಜಿನ ಗೋಪುರದ ಚಿತ್ರ.

“ಇಂಥಾದ್ದು ಕಟ್ಟಬೇಕ್ರಿ.”

ಸಾಹೇಬರು ಕನ್ನಡಕ ತೆಗೆದು ನೋಡಿದರು. “ಇದು ಎಂಬತ್ತು ಅಂತಸ್ತಿನ ಮೇಲಿರಬೇಕು.”

“ಗೊತ್ತೈತ್ರಿ. ನನಗ ಆರು ಸಾಕು. ಉಳಿದದ್ದು ನೀವು ಕಡಿಮಿ ಮಾಡಿ ಕೊಡ್ರಿ.”

ಆರೇ ಯಾಕೆ ಅಂತ ಆಮೇಲೆ ತಿಳಿಯಿತು. ಕೊಟ್ಟೂರಿನಲ್ಲಿ ಅವರ ಬೀಗರು ಐದು ಅಂತಸ್ತು ಕಟ್ಟಿಸುತ್ತಾರೆ ಅಂತ ಸುದ್ದಿ ಹಬ್ಬಿತ್ತು. ಬೀಗರು ಎರಡಕ್ಕೇ ನಿಲ್ಲಿಸಿದರು, ಅಷ್ಟರಲ್ಲಿ ನಾವು ಮೂರನೇ ಚಾವಣಿ ಹಾಕಿಬಿಟ್ಟಿದ್ದೆವು.

ನಕ್ಷೆಯಲ್ಲಿ ಕಟ್ಟಡದ ಮುಂದೆ ಸಾಹೇಬರು ಒಂದು ಕಾರಂಜಿ ಬರೆಸಿದ್ದರು. ಅದು ಬರುವ ಜಾಗದಲ್ಲಿ ಒಂದು ಬೇವಿನ ಗಿಡವಿತ್ತು. ಸಾಹುಕಾರ್ರು ನಕ್ಷೆಯ ಮೇಲೆ ಬೆರಳಿಟ್ಟು, “ಗಿಡ ಎಲ್ಲಿ ಹೋತು?” ಅಂದರು. ಕಡಿಯಬೇಕಾಗುತ್ತದೆ ಅಂತ ಸಾಹೇಬರು ಹೇಳಿದರು. “ಗಿಡ ಇರ್ಲಿ. ಅದರ ಸುತ್ತ ಒಂದು ಕಟ್ಟಿ ಕಟ್ರಿ, ಮಂದಿ ಕುಂದ್ರಾಕ,” ಅಂದರು ಇವರು.

ಸಾಹೇಬರಿಗೆ ಬೇಸರವಾಯಿತು. ಗಾಜಿನ ಕಟ್ಟಡದ ಮುಂದೆ ಹಳ್ಳಿಯ ಕಟ್ಟೆ ಇದ್ದರೆ ಡಿಸೈನೇ ಕೆಡುತ್ತದೆ ಅಂತ ಅರ್ಧ ತಾಸು ತಿಳಿಸಿ ಹೇಳಿದರು. ಸಾಹುಕಾರ್ರು ಎಲ್ಲ ಕೇಳಿಸಿಕೊಂಡು, “ಅಲ್ರಿ, ಕುಂದ್ರಾಕ ಕಟ್ಟಿ ಇಲ್ಲಂದ್ರ ಆ ಕಟ್ಟಡಕ್ಕ ಮಂದಿ ಯಾಕ ಬರ್ತಾರ?” ಅಂದರು. ಕೊನೆಗೆ ಗಿಡ ಉಳಿಸಲು ಇಡೀ ಕಟ್ಟಡವನ್ನು ಎಂಟಡಿ ಹಿಂದಕ್ಕೆ ಸರಿಸಿ ಮತ್ತೆ ಮೊದಲಿನಿಂದ ನಕ್ಷೆ ಬರೆದೆ. ಪ್ರತಿ ಅಂತಸ್ತಿನಲ್ಲೂ ಒಂದೊಂದು ಕೋಣೆ ಹೋಯಿತು.

ಆರಂಭೋತ್ಸವವಾಗಿ ಮೂರು ತಿಂಗಳಾದರೂ ಒಂದು ಆಫೀಸೂ ಬರಲಿಲ್ಲ. ಆದರೆ ಬಸ್ಸು ಕಾಯುವವರು, ಹಡಗಲಿಯಿಂದ ಮಲ್ಲಿಗೆ ಬುಟ್ಟಿ ತರುವ ಹೆಂಗಸರು, ಪಿಂಚಣಿ ಕೆಲಸಕ್ಕೆ ಬಂದ ಮುದುಕರು, ಎಲ್ಲರೂ ಬೇವಿನ ನೆರಳಿಗೆ ಬಂದು ಕೂರುತ್ತಿದ್ದರು. ಒಂದು ದಿನ ನೋಡಲು ಬಂದ ಆರ್ಕಿಟೆಕ್ಟ್ ಸಾಹೇಬರು ಗುಂಪು ಕಂಡು ಖುಷಿಯಾಗಿ, “ಜನ ಚೆನ್ನಾಗಿ ಬರ್ತಿದ್ದಾರಲ್ರಿ! ಯಾವ ಆಫೀಸಿಗೆ?” ಅಂತ ಕೇಳಿದರು.

ಸಾಹುಕಾರ್ರು ತಣ್ಣಗೆ ಹೇಳಿದರು: “ಕಟ್ಟಿಗೆ ಬಂದಾರ್ರಿ. ಕಟ್ಟಡಕ್ಕ ಇನ್ನೂ ಯಾರೂ ಬಂದಿಲ್ಲ.”

೨. ಎಂಜಿನಿಯರ್ ಎಲ್ಲದಾರ?

ಕಟ್ಟುವಾಗಿನ ಮಾತು. ಒಂದು ಬೆಳಿಗ್ಗೆ ಕಬ್ಬಿಣದ ಲಾರಿ ಬಂತು. ಇಳಿಸುವ ಮೊದಲು ಎಂಜಿನಿಯರ್ ನೋಡಿ ಸಹಿ ಮಾಡಬೇಕು. ಡ್ರೈವರ್ ಇಳಿದು ಬಂದು ನನ್ನನ್ನೇ ಕೇಳಿದ: “ಅಕ್ಕಾ, ಎಂಜಿನಿಯರ್ ಎಲ್ಲದಾರ?”

“ನಾನ.”

“ಹೌದ್ರಿ, ನೀವು ಇಲ್ಲೇ ಇರ್ರಿ. ಎಂಜಿನಿಯರ್ ಬಂದ್ರ ಒಂದ್ ಮಾತು ಹೇಳ್ರಿ.”

ನಾನು ಇನ್ನೊಮ್ಮೆ ಹೇಳುವಷ್ಟರಲ್ಲಿ ಅವನು ಹೋಗಿ ಲಾರಿಯ ನೆರಳಿನಲ್ಲಿ ಟವೆಲ್ ಹಾಸಿ ಮಲಗಿದ. ನನಗೂ ಹಟ ಬಂತು, ಬಾಯಿ ಮುಚ್ಚಿಕೊಂಡು ನನ್ನ ಕೆಲಸ ಮಾಡುತ್ತಾ ನಿಂತೆ. ಮನೆಯಲ್ಲಿ ನಾನು ಮೊದಲನೇ ಸಂಬಳದವಳು. ಕಾಲೇಜಿನಲ್ಲಿ, ಬಸ್ಸಿನಲ್ಲಿ, ಸೈಟಿನಲ್ಲಿ ನಾನು ಯಾರು ಅಂತ ಹೇಳಿ ಹೇಳಿ ಅವತ್ತು ಯಾಕೋ ಸಾಕಾಗಿತ್ತು.

ತಾಸು ಹೊತ್ತಾಯಿತು. ಮೇಲೆ ಕಬ್ಬಿಣಕ್ಕೆ ಕಾಯುತ್ತಿದ್ದ ಮೇಸ್ತ್ರಿ ಇಳಿದು ಬಂದರು. ಅರವತ್ತರ ಹತ್ತಿರದ ಮನುಷ್ಯ, ಹಲವಾಗಲು ಅನ್ನುವ ಊರಿನವರು, ನಾನು ಕಾಕಾ ಅಂತಲೇ ಕರೆಯುತ್ತಿದ್ದೆ. ಏನಾಯಿತು ಅಂತ ತಿಳಿದು ಅವರು ನಗಲಿಲ್ಲ. ತಮ್ಮ ತಲೆಯ ಮೇಲಿದ್ದ ಹಳದಿ ಟೋಪಿ ತೆಗೆದು ನನ್ನ ತಲೆಗಿಟ್ಟು, ಲಾರಿ ಹತ್ತಿರ ಹೋಗಿ ಡ್ರೈವರನ ಕಾಲು ಅಲುಗಿಸಿದರು. “ಏಳಪಾ, ಎಂಜಿನಿಯರ್ ಬಂದ್ರು.”

ಅವನು ಎದ್ದು ನನ್ನನ್ನು ನೋಡಿ ಗಾಬರಿಯಾಗಿ ಕೈಮುಗಿದ. “ಅಯ್ಯ, ಮೊದಲ ಹೇಳಬೇಕಿಲ್ರಿ ಮೇಡಂ!”

“ಹೇಳಿದ್ನಲ್ಲಪಾ?”

“ಹೇಳಿದ್ರಿ, ಖರೇ. ಆದ್ರ ಟೋಪಿ ಹಾಕ್ಕೊಂಡು ಹೇಳ್ಲಿಲ್ರಿ.”

೩. ಲಿಫ್ಟಿನ ಬಾಗಿಲಲ್ಲಿ

ಆಫೀಸುಗಳು ಒಂದೊಂದಾಗಿ ಬಂದವು. ವಿಮೆಯವರು, ಬೀಜದ ಕಂಪನಿಯವರು, ವಕೀಲರು, ರಕ್ತ ಪರೀಕ್ಷೆಯವರು. ಲಿಫ್ಟ್ ಶುರುವಾಯಿತು. ಅಷ್ಟು ಹೊಳೆಯುವ ನೆಲವನ್ನು ನೋಡಿ ಮೊದಲ ದಿನ ಯಾರೋ ಹಿರಿಯರು ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದರು. ಅವರ ಚಪ್ಪಲಿ ನೋಡಿ ಹಿಂದಿನವರೂ ಬಿಟ್ಟರು. ವಾರದೊಳಗೆ ಲಿಫ್ಟಿನ ಬಾಗಿಲಲ್ಲಿ ಚಪ್ಪಲಿಯ ಸಾಲು ನಿಂತಿತು, ಕರೀ ಬೂಟಿನ ವಕೀಲರೂ ಸುತ್ತ ನೋಡಿ ಬೂಟು ಕಳಚಿದರು.

ನಾನು ಬಾಗಿಲಲ್ಲಿ ನಿಂತು, “ಬಿಡಬ್ಯಾಡ್ರಿ, ಹಾಕ್ಕೊಂಡು ಹೋಗ್ರಿ,” ಅಂತ ಎರಡು ದಿನ ಹೇಳಿದೆ. ಒಬ್ಬಾಕೆ ಅಜ್ಜಿ, “ಹಾಕ್ಕೊಂಡು ಹೋಗಬೌದು ಯವ್ವಾ, ಮನಸ್ಸು ಬರಬೇಕಲ್ಲ,” ಅಂದಳು. ಆಕೆಯ ಮಾತಿನ ಮುಂದೆ ನನ್ನದು ನಡೆಯಲಿಲ್ಲ. ತಾನು ಕಾಲಿಡುವ ಜಾಗ ಬೇರೆಯವರ ದುಡಿಮೆಯಿಂದ ಹೊಳೆಯುತ್ತಿದೆ ಅಂತ ಆಕೆಗೆ ಅನ್ನಿಸಿತ್ತು. ದಿನಾ ನೆಲ ಒರೆಸುವ ಹೆಂಗಸಿಗೆ ಅಷ್ಟು ಮರ್ಯಾದೆಯನ್ನು ನಾನೂ ಕೊಟ್ಟಿರಲಿಲ್ಲ.

ಮೂರು ತಿಂಗಳಿಗೊಮ್ಮೆ ಲಿಫ್ಟ್ ತಪಾಸಣೆಗೆ ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬರುತ್ತಾನೆ. ಮೊದಲ ಸಲ ಬಂದವನು ಚಪ್ಪಲಿಯ ರಾಶಿ ನೋಡಿ ತಾನೂ ಬೂಟು ಬಿಚ್ಚಿ, ವಾಚ್‌ಮನ್ ಕಡೆ ತಿರುಗಿ ಭಕ್ತಿಯಿಂದ ಕೇಳಿದ: “ಒಳಗ ಯಾವ ದೇವರು ಅದಾನ್ರಿ?”

ನಮ್ಮ ವಾಚ್‌ಮನ್ ಕೂತಲ್ಲಿಂದ ಏಳದೆ ಹೇಳಿದ: “ಈಗ ಯಾರೂ ಇಲ್ರಿ. ಕರೆಂಟ್ ಹೋದಾಗ ಒಳಗಿನ ಮಂದಿ ಕರೀತಾರ, ಆವಾಗ ಬರ್ತಾನ.”

೪. ಆರನೇ ಗುಂಡಿ

ಲಿಫ್ಟಿನೊಳಗೆ ಇನ್ನೊಂದು ತಕರಾರಿತ್ತು. ನೆಲದ ಅಂತಸ್ತಿಗೆ ಇಂಗ್ಲಿಷಿನ ಒಂದು ಅಕ್ಷರ, ಅದರ ಮೇಲೆ ಒಂದರಿಂದ ಐದರವರೆಗೆ ಗುಂಡಿ. ಊರಿನವರ ಲೆಕ್ಕದಲ್ಲಿ ಮಾಳಿಗಿ ಆರು, ಲಿಫ್ಟಿನ ಲೆಕ್ಕದಲ್ಲಿ ಐದು. ವಿಮೆ ಆಫೀಸಿನವರು ಊರಿನ ಲೆಕ್ಕ ಹಿಡಿದು ತಮ್ಮ ಕಾಗದದ ಮೇಲೆ ‘ಆರನೇ ಮಹಡಿ’ ಅಂತ ಅಚ್ಚು ಹಾಕಿಸಿಬಿಟ್ಟಿದ್ದರು.

ಕೂಡ್ಲಿಗಿ ಕಡೆಯ ಒಬ್ಬ ರೈತರು ಆ ಕಾಗದ ಹಿಡಿದು ಬಂದರು. ಲಿಫ್ಟಿನಲ್ಲಿ ಆರು ಹುಡುಕಿದರು, ಸಿಗಲಿಲ್ಲ. ಜೊತೆಗಿದ್ದವರು “ಐದು ಒತ್ರಿ” ಅಂದರು. ಐದಕ್ಕೆ ಇಳಿದವರು ಕಾಗದ ಮತ್ತೆ ನೋಡಿದರು. ಆರು ಅಂತ ಸ್ಪಷ್ಟವಾಗಿ ಬರೆದಿದೆ. ಸರಿ, ಇನ್ನೊಂದು ಮಾಳಿಗಿ ಬಾಕಿ ಇದೆ ಅಂತ ಮೆಟ್ಟಿಲು ಹತ್ತಿ ತಾರಸಿಗೆ ಹೋದರು. ಅಲ್ಲಿ ನೀರಿನ ಟ್ಯಾಂಕು, ನಾಲ್ಕು ಕುರ್ಚಿ, ನೆಲ ಒರೆಸುವಾಕೆ ಒಣಹಾಕಿದ ಬಟ್ಟೆಗಳು.

ಮಧ್ಯಾಹ್ನ ಇಳಿದು ಬಂದವರು ನನ್ನ ಮೇಜಿನ ಮುಂದೆ ನಿಂತರು. ಎರಡು ತಾಸು ಕಾದಿದ್ದಾರೆ, ಮುಖದಲ್ಲಿ ಸಿಟ್ಟಿಲ್ಲ. ನನಗೆ ಅವರನ್ನು ನೋಡಿ ಕೆಡುಕೆನಿಸಿತು. ಆಫೀಸು ಅಂದರೆ ಕಾಯಬೇಕು, ಸಾಹೇಬರು ಕಾಣಿಸದಿದ್ದರೆ ಅದೂ ಸಹಜವೇ ಅಂತ ಇವರಿಗೆ ಎಷ್ಟು ವರ್ಷಗಳಿಂದ ರೂಢಿ ಮಾಡಿಸಿಟ್ಟಿದ್ದೇವೆ!

“ಸಿಕ್ತೇನ್ರಿ ಆಫೀಸು?” ಅಂದೆ.

“ಸಿಕ್ತು ತಾಯಿ. ಆಫೀಸು ಭಾಳ ಚಲೋ ಐತಿ, ಗಾಳಿ ಬೆಳಕು ಎಲ್ಲ ಐತಿ. ಆದ್ರ ಸಾಹೇಬ್ರು ಇನ್ನೂ ಬಂದಿಲ್ಲ. ಬಟ್ಟಿ ಮಾತ್ರ ಒಗದು ಹಾಕಿ ಹೋಗ್ಯಾರ.”

೫. ರಸ್ತೆಯಾಚೆಯ ಬಿಸಿಲು

ನೀಲಿ ಗಾಜು ಪೂರ್ವದ ಕಡೆಗಿದೆ. ಬೆಳಗಿನ ಬಿಸಿಲು ಅದಕ್ಕೆ ಬಡಿದು ರಸ್ತೆಯಾಚೆಯ ಮನೆಗಳ ಮೇಲೆ ಬೀಳುತ್ತದೆ. ಇದನ್ನು ನಕ್ಷೆ ಬರೆಯುವಾಗ ನಾವ್ಯಾರೂ ಯೋಚಿಸಿರಲಿಲ್ಲ. ಕಟ್ಟಡದ ನೆರಳು ಎಲ್ಲೆಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕಿದ್ದೆವು, ಬೆಳಕು ಎಲ್ಲಿ ಬೀಳುತ್ತದೆ ಅಂತ ಹಾಕಿರಲಿಲ್ಲ.

ಎದುರಿಗೆ ಒಬ್ಬ ಟೇಲರನ ಅಂಗಡಿ ಇದೆ. ಆತ ಬಂದು, “ಸೂಜಿಗೆ ದಾರ ಪೋಣಿಸಾಕ ಬರವಲ್ದು ಮೇಡಂ, ಕಣ್ಣಿಗೆ ಹೊಡೀತೈತಿ,” ಅಂತ ದೂರಿದ. ಅವನು ಹೇಳಿದ್ದು ನ್ಯಾಯವಾಗಿತ್ತು. ಸಾಹುಕಾರ್ರಿಗೆ ತಿಳಿಸಿ, ಕೆಳಗಿನ ಮೂರು ಅಂತಸ್ತಿನ ಗಾಜಿಗೆ ಹೊಳಪು ತಗ್ಗಿಸುವ ಹಾಳೆ ಅಂಟಿಸಲು ಜನ ಹಚ್ಚಿದೆ.

ಅಂಟಿಸಿ ಮುಗಿಸಿದ ಮರುದಿನ ಟೇಲರ್ ಪಕ್ಕದ ಮನೆಯಾಕೆ ಸೆರಗು ಬಿಗಿದು ಬಂದರು. ಸಂಡಿಗೆ, ಹಪ್ಪಳ ಮಾಡಿ ಅಂಗಡಿಗಳಿಗೆ ಕೊಡುವವರು.

“ನನ್ನ ಬಿಸಲು ಎಲ್ಲಿ ಹೋತು?”

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅವರ ಅಂಗಳ ಪಡುವಣಕ್ಕಿದೆ. ಮೊದಲು ಮಧ್ಯಾಹ್ನದ ತನಕ ಮನೆಯ ನೆರಳೇ ಅಲ್ಲಿರುತ್ತಿತ್ತು. ನಮ್ಮ ಗಾಜು ಬಂದ ಮೇಲೆ ಬೆಳಿಗ್ಗೆಯೂ ಅಂಗಳಕ್ಕೆ ಬಿಸಿಲು. ಮೊಣಕಾಲು ನೋವಿನ ಹೆಂಗಸು ಸಂಡಿಗೆಯ ಹಾಸು ಹೊತ್ತು ಮಾಳಿಗೆ ಏರುವುದು ತಪ್ಪಿತ್ತು. ಎರಡು ವರ್ಷ ಅಂಗಳದಲ್ಲೇ ಕೂತು ಒಣಗಿಸಿದ್ದರು.

“ಅದು ಕಟ್ಟಡದ ಬಿಸಲು ಯವ್ವಾ, ನಿಮ್ಮದು ಹೆಂಗಾಗ್ತೈತಿ?” ಅಂತ ವಾಚ್‌ಮನ್ ನಡುವೆ ಬಾಯಿ ಹಾಕಿದ.

ಅವರು ಅವನನ್ನು ಮೇಲಿಂದ ಕೆಳಗಿನ ತನಕ ನೋಡಿದರು. “ನಿಮ್ಮ ಕಟ್ಟಡದಾಗ ಇರೋರಷ್ಟ ಬಾಡಿಗಿದಾರ್ರು ಅಂದ್ಕೊಂಡೀರೇನು? ನಾನೂ ಬಾಡಿಗಿದಾಕಿನೇ. ರಸ್ತೆ ಆಚಿ ಅದೀನಿ, ಅಷ್ಟ!”

ಸಾಹುಕಾರ್ರ ಮುಂದೆ ಈ ಮಾತು ಹೇಳಿದಾಗ ಅವರು ನಗುತ್ತಾರೆ ಅಂದುಕೊಂಡಿದ್ದೆ. ಅವರು “ಖರೇ ಐತಿ ಬಿಡು,” ಅಂದರು. ಆ ಮನೆಗೆ ನೇರ ಬರುವ ಆರು ಗಾಜುಗಳ ಮೇಲೆ ಅಂಟಿಸಿದ್ದ ಹಾಳೆ ಕಿತ್ತು ಹಾಕಿಸಿದೆವು. ಟೇಲರ್ ಕಡೆ ಮಬ್ಬು, ಸಂಡಿಗೆಯಾಕೆಯ ಕಡೆ ಹೊಳಪು. ಹೊಸಬರು ಬಂದು ‘ಈ ಆರು ಗಾಜು ಯಾಕೆ ಬೇರೆ ಥರ ಇವೆ, ಏನು ಡಿಸೈನು?’ ಅಂತ ಕೇಳಿದರೆ ವಾಚ್‌ಮನ್ ಈಗ ಗಂಭೀರವಾಗಿ ಹೇಳುತ್ತಾನೆ: “ಅದು ಸಂಡಿಗಿ ಡಿಸೈನ್ ರೀ.”

೬. ಎಡವುವ ಮೆಟ್ಟಿಲು

ಮೂರನೇ ಅಂತಸ್ತಿನಿಂದ ನಾಲ್ಕನೆಯದಕ್ಕೆ ಹತ್ತುವಾಗ ಕೊನೆಯ ಮೆಟ್ಟಿಲು ಉಳಿದವುಗಳಿಗಿಂತ ಮೂರು ಇಂಚು ಎತ್ತರ. ಕರೆಂಟ್ ಹೋದಾಗ ಮೆಟ್ಟಿಲೇರುವವರೆಲ್ಲ ಅಲ್ಲಿ ಎಡವುತ್ತಾರೆ. ಎಡವಿದವರೆಲ್ಲ “ಯಾವ ಮೇಸ್ತ್ರಿ ಕಟ್ಟಿದ್ನೋ!” ಅನ್ನುತ್ತಾರೆ.

ಅಲ್ಲಿಗೆ ಹಳದಿ ಬಣ್ಣ ಹೊಡೆಸಿ, ಗೋಡೆಯ ಮೇಲೆ ‘ನೋಡಿ ಹತ್ತಿರಿ’ ಅಂತ ಬರೆಸಿದೆ. ಆಮೇಲೆ ಜನ ಅದನ್ನು ಓದುತ್ತಾ ಎಡವಿದರು. ಒಡೆದು ಸರಿ ಮಾಡಿಸುತ್ತೇನೆ ಅಂದರೆ ನಾಲ್ಕನೇ ಅಂತಸ್ತಿನ ವಕೀಲರೇ ಬಂದು ತಡೆದರು. ಅವರಿಗೆ ಅದು ಕರೆಗಂಟೆಯಾಗಿತ್ತು. ಹಳೆಯ ಕಕ್ಷಿದಾರರಿಗೆ ಮೆಟ್ಟಿಲು ರೂಢಿಯಾಗಿದೆ, ಸದ್ದಿಲ್ಲದೆ ಬರುತ್ತಾರೆ. ‘ಧಡ್, ಅಯ್ಯಪ್ಪಾ’ ಅಂತ ಕೇಳಿಸಿತು ಅಂದರೆ ಹೊಸಬರು. ಆಗ ವಕೀಲರು ಎದ್ದು ಕೋಟು ಹಾಕಿಕೊಳ್ಳುತ್ತಿದ್ದರು.

ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ಆ ನಗೆಯಲ್ಲಿ ಸೇರಲು ಆಗುತ್ತಿರಲಿಲ್ಲ. ಯಾಕೆಂದರೆ ತಪ್ಪು ಮೇಸ್ತ್ರಿಯದಲ್ಲ, ನನ್ನದು.

ಕಟ್ಟುವಾಗ ಮೂರನೇ ಅಂತಸ್ತು ಸ್ವಲ್ಪ ಎತ್ತರವಿರಲಿ ಅಂತ ಸಾಹುಕಾರ್ರು ಕೇಳಿದ್ದರು. ಮುಂಭಾಗದ ನಕ್ಷೆಯಲ್ಲಿ ಮೂರು ಇಂಚು ಏರಿಸಿದೆ. ಮೆಟ್ಟಿಲಿನ ನಕ್ಷೆಯಲ್ಲಿ ಏರಿಸಲು ಮರೆತೆ, ಮೆಟ್ಟಿಲು ಮೂರು ಇಂಚು ಕಡಿಮೆ ಬಿತ್ತು. ಕಾಂಕ್ರೀಟ್ ಹಾಕುವ ದಿನ ನಾನು ತಂಗಿಯ ಮದುವೆಗೆ ಊರಿಗೆ ಹೋಗಿದ್ದೆ. ಮೇಸ್ತ್ರಿ ಕಾಕಾ ಫೋನ್ ಮಾಡಿದ್ದರಂತೆ, ವಾಲಗದ ಸದ್ದಿನಲ್ಲಿ ನನಗೆ ಕೇಳಿಸಿರಲಿಲ್ಲ. ಕಲೆಸಿದ ಕಾಂಕ್ರೀಟ್ ಕಾಯುವುದಿಲ್ಲ. ಉಳಿದ ಮೂರು ಇಂಚನ್ನು ಕೊನೆಯ ಮೆಟ್ಟಿಲಿಗೇ ಸೇರಿಸಿ ಮುಗಿಸಿದರು.

ಎರಡು ದಿನದ ನಂತರ ಆರ್ಕಿಟೆಕ್ಟ್ ಸಾಹೇಬರು ಬಂದರು, ಅಲ್ಲೇ ಎಡವಿದರು. ಎಲ್ಲ ಕೆಲಸಗಾರರ ಎದುರಿಗೆ ಕಾಕಾನನ್ನು ಬಾಯಿಗೆ ಬಂದಂತೆ ಬೈದರು. ನಾನು ಪಕ್ಕದಲ್ಲೇ, ಆ ನಕ್ಷೆಯನ್ನೇ ಕೈಯಲ್ಲಿ ಸುತ್ತಿ ಹಿಡಿದು ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಕೆಲಸ ಹೋಗುತ್ತದೆ ಅಂತ ಹೆದರಿದೆ. ‘ಹುಡುಗೀರ ಕೈಗೆ ಕೊಟ್ರ ಹಿಂಗ ಆಗಾದು’ ಅನ್ನುವ ಮಾತು ಕೇಳಬೇಕಾಗುತ್ತದೆ ಅಂತ ಇನ್ನೂ ಹೆಚ್ಚು ಹೆದರಿದೆ. ಕಾಕಾ ತಲೆ ತಗ್ಗಿಸಿ “ತಪ್ಪಾತ್ರಿ” ಅಂದರು.

ಹೋದ ವರ್ಷ ಕಟ್ಟಡಕ್ಕೆ ಹೊಸ ಬಣ್ಣ ಹೊಡೆಸಿದಾಗ ಸಾಹುಕಾರ್ರಿಗೆ ಒಂದು ಆಸೆಯಾಯಿತು. ಬಾಗಿಲ ಪಕ್ಕ ಕರೀ ಕಲ್ಲಿನಲ್ಲಿ ಕಟ್ಟಡದ ಚರಿತ್ರೆ ಕೆತ್ತಿಸಬೇಕು. “ಯಾರು ಕಟ್ಸಿದ್ರು, ಯಾರು ನಕ್ಷಿ ಮಾಡಿದ್ರು, ಎಲ್ಲ ಬರಿ,” ಅಂದರು. ಬರೆದುಕೊಟ್ಟೆ. ನಕ್ಷೆಗೆ ಆರ್ಕಿಟೆಕ್ಟ್ ಸಾಹೇಬರ ಹೆಸರು, ಕೊನೆಯ ಸಾಲಿನಲ್ಲಿ ಮೇಸ್ತ್ರಿ ಕಾಕಾನ ಹೆಸರು ಹಾಕಿದ್ದೆ. ನಮ್ಮಪ್ಪ ಕಡಿದ ಕಲ್ಲು ಎಷ್ಟು ಕಟ್ಟಡಗಳ ಬುನಾದಿಯಲ್ಲಿದೆಯೋ, ಒಂದರ ಮೇಲೂ ಅವನ ಹೆಸರಿಲ್ಲ. ಅದೂ ಮನಸ್ಸಿನಲ್ಲಿತ್ತು.

ಸಾಹುಕಾರ್ರು ಓದಿ ನಕ್ಕರು. “ಮೇಸ್ತ್ರಿ ಹೆಸ್ರು ಕಲ್ಲಾಗ ಯಾಕ ಯವ್ವಾ? ನಾಕನೇ ಮಾಳಿಗಿ ಹತ್ತೋರೆಲ್ಲ ದಿನಾ ಅವನ ಹೆಸ್ರು ಹೇಳೇ ಹತ್ತತಾರ.”

ಅವತ್ತು ನನಗೆ ತಡೆಯಲಾಗಲಿಲ್ಲ. ಕಪಾಟಿನಿಂದ ಹಳೆಯ ನಕ್ಷೆ ತೆಗೆದು ಅವರ ಮುಂದೆ ಬಿಡಿಸಿದೆ. ಎಲ್ಲಿ ಮೂರು ಇಂಚು ಬಿಟ್ಟಿದ್ದೆ ಅಂತ ಬೆರಳಿಟ್ಟು ತೋರಿಸಿದೆ. ಅವರು ಬಹಳ ಹೊತ್ತು ನಕ್ಷೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. “ಇದನ್ನ ನನಗ ಹೇಳಿದ್ರ ಮುಗೀಲಿಲ್ಲ. ಹೇಳಬೇಕಾದೋರು ಹಲವಾಗಲದಾಗ ಅದಾರ,” ಅಂದು, ಕಲ್ಲಿನಲ್ಲಿ ಕಾಕಾನ ಹೆಸರು ಕೆತ್ತಿಸಲೂ ಒಪ್ಪಿ, ತಮ್ಮ ಕಾರನ್ನೇ ಕಳಿಸಿಕೊಟ್ಟರು.

ಕಾಕಾ ಈಗ ಕೆಲಸ ಬಿಟ್ಟಿದ್ದಾರೆ. ಮನೆಯ ಮುಂದೆ ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ದೂರದಲ್ಲಿ ಹೊಳೆ ಕಾಣುತ್ತಿತ್ತು. ನಾನು ನೆಲದ ಮೇಲೆ ಕೂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಲಿಲ್ಲ. “ಗೊತ್ತಿತ್ತು,” ಅಂದರು.

“ಗೊತ್ತಿತ್ತಾ?”

“ನಕ್ಷಿ ನನ್ನ ಕೈಯಾಗ ಇತ್ತಲ್ಲ. ಎರಡು ಕಾಗದ ಹಿಡದು ನೋಡಿದ್ರ ಯಾರಿಗೂ ತಿಳೀತೈತಿ.”

“ಮತ್ತ ಸಾಹೇಬರ ಮುಂದ ಯಾಕ ಹೇಳ್ಲಿಲ್ಲ ಕಾಕಾ?”

“ನಿನಗ ಕೆಲಸ ಹೊಸಾದು,” ಅಂದರು. “ನನಗ ಬೈಗಳ ಹಳೇವು.”

ನನಗೆ ಅಳು ಬಂತು. ಅವರು ಮುಖ ಆಚೆ ತಿರುಗಿಸಿ ಹೊಳೆ ನೋಡುತ್ತಾ ಕೂತರು. ಒಳಗಿನಿಂದ ಕಾಕಿ ಚಹಾ ತಂದರು. ಚಹಾ ಕುಡಿದು, ಕಣ್ಣೊರೆಸಿಕೊಂಡು, ಕಲ್ಲಿನ ವಿಷಯ ಹೇಳಿದೆ. ನಿಮ್ಮ ಹೆಸರು ಕೆತ್ತಿಸುತ್ತಿದ್ದೇವೆ, ದೊಡ್ಡ ಅಕ್ಷರದಲ್ಲಿ, ಊರವರೆಲ್ಲ ಓದುವ ಹಾಗೆ, ಸಾಹುಕಾರ್ರೂ ಒಪ್ಪಿದ್ದಾರೆ ಅಂದೆ.

ಕಾಕಾ ಬಟ್ಟಲು ಕೆಳಗಿಟ್ಟು ಗಂಭೀರವಾಗಿ ಯೋಚಿಸಿದರು.

“ಹಾಕ್ಸು. ಆದ್ರ ನನ್ನ ಹೆಸ್ರಿನ ಪಕ್ಕಕ್ಕ ನಿಂದೂ ಹಾಕ್ಸು ಯವ್ವಾ. ಇಷ್ಟು ವರ್ಷ ಬೈಗಳ ಪೂರಾ ನಾನೊಬ್ಬನ ತಿಂದೀನಿ. ಇನ್ನ ಮ್ಯಾಲ ಎಡವಿದೋರು ಕೆಳಗ ಬಂದು ಕಲ್ಲು ಓದ್ಕೊಂಡು, ಇಬ್ರಿಗೂ ಸಮ ಬೈಲಿ.”